ಕಣ್ಣು ಮುಚ್ಚದ ಕಂಪ್ಯೂಟರು

ಫ್ಯೂಸಕ್ಕನ ಅಂಗಡಿ ಇದ್ದದ್ದು ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ನಿಂತು ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ಒಳಗೆ ಹೋದಂತೆಲ್ಲ ಚಾವಣಿ ಇಳಿಜಾರಾಗಿ ಬಂದು ನೆತ್ತಿಗೆ ತಾಗುತ್ತಿತ್ತು. ಮೇಲೆ ಯಾರು ಮೆಟ್ಟಿಲು ಹತ್ತಿದರೂ ಅವರ ಹೆಜ್ಜೆ ಇವಳ ತಲೆಯ ಮೇಲೇ ಬಿದ್ದಂತೆ ಕೇಳುತ್ತಿತ್ತು. ಅಲ್ಲಿ ಕೂತು ಅವಳ ಅಪ್ಪ ಮೂವತ್ತು ವರ್ಷ ರೇಡಿಯೊ, ಮಿಕ್ಸರು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿದ್ದ. ಅಂಗಡಿ ಅಣ್ಣನಿಗೆ ಹೋಗುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಅಣ್ಣನಿಗೆ ತಂತಿ ಕಂಡರೆ ಹಾವು ಕಂಡಂತೆ. ಅವನು ಬಸ್ ಡಿಪೊ ಸೇರಿದ. ಅಂಗಡಿ ತಂಗಿಯ ಪಾಲಿಗೆ ಬಂತು.

ಹೆಸರು ಅದಕ್ಕೂ ಮೊದಲೇ ಬಂದಿತ್ತು. ಹತ್ತು ವರ್ಷದವಳಿದ್ದಾಗ ಒಂದು ಸಂಜೆ ಇಡೀ ಕಟ್ಟಡಕ್ಕೆ ಕತ್ತಲಾಗಿ, ಅಪ್ಪ ಊರಲ್ಲಿಲ್ಲದೆ, ದೊಡ್ಡವರೆಲ್ಲ ಮೇಣದಬತ್ತಿ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಈ ಹುಡುಗಿ ಸ್ಟೂಲ್ ಎಳೆದುಕೊಂಡು ಹತ್ತಿ ಫ್ಯೂಸ್ ಕಟ್ಟಿ ಇಳಿದಿದ್ದಳು. ಅಂದಿನಿಂದ ಎಲ್ಲರಿಗೂ ಅವಳು ಫ್ಯೂಸಕ್ಕ. ತನಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಿದ್ದರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದು ಹೋಗಿತ್ತು. ‘ನನ್ನ ಕೈ ಹಿಡಿಯೋಕೆ ಬಂದವರಿಗೆಲ್ಲ ಶಾಕ್ ಹೊಡೀತು ಕಣಮ್ಮ’ ಎಂದು ಅತ್ತಿಗೆಯ ಹತ್ತಿರ ಹೇಳಿ ನಗುತ್ತಿದ್ದಳು. ಈಗ ಅವಳಿಗೆ ನಲವತ್ತೆಂಟು.

ರೇಡಿಯೊ ಕಾಲ ಮುಗಿದು ಕಂಪ್ಯೂಟರ್ ಕಾಲ ಬಂದಾಗ ಅವಳು ಹೆದರಲಿಲ್ಲ. ಹಳೆಯ ಕಂಪ್ಯೂಟರ್ ಒಂದನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಪುಸ್ತಕ ಓದಿ, ಅವರಿವರನ್ನು ಕೇಳಿ, ವರ್ಷದೊಳಗೆ ಕೈ ಪಳಗಿಸಿಕೊಂಡಳು. ಅಪ್ಪನಿಂದ ಅವಳಿಗೆ ಕಸುಬಿನ ಜೊತೆಗೆ ಒಂದು ಮಾತೂ ಬಂದಿತ್ತು. ‘ರಿಪೇರಿಯವರ ಕಣ್ಣು ಯಂತ್ರದ ಮೇಲಿರಬೇಕು, ಮನೆಯ ಮೇಲಲ್ಲ. ಕೇಳಿದ್ದು ಮಾಡಿಕೊಡು. ಯಾಕೆ, ಏನು ಅಂತ ಕೇಳೋಕೆ ಹೋಗಬೇಡ.’ ಅದನ್ನವಳು ಚಾಚೂ ತಪ್ಪದೆ ಪಾಲಿಸಿದ್ದಳು. ಜನರ ಕಂಪ್ಯೂಟರಿನೊಳಗೆ ಏನೇನೆಲ್ಲ ಕಣ್ಣಿಗೆ ಬೀಳುತ್ತದೆ. ಒಂದನ್ನೂ ಅವಳು ಹೊರಗೆ ಬಿಟ್ಟವಳಲ್ಲ. ಆ ನಂಬಿಕೆಯ ಮೇಲೇ ಅವಳ ಅಂಗಡಿ ನಡೆಯುತ್ತಿತ್ತು.

ಒಂದು ಬುಧವಾರ ಬೆಳಗ್ಗೆ, ಇನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ, ಒಬ್ಬ ಹೆಂಗಸು ಬಂದು ನಿಂತಳು. ಮೂವತ್ತೈದರ ಆಸುಪಾಸು. ಕೂದಲು ಅಚ್ಚುಕಟ್ಟಾಗಿ ಬಾಚಿತ್ತು, ಕಣ್ಣ ಕೆಳಗೆ ಮಸಿ ಬಳಿದಂತೆ ಕಪ್ಪು. ಎರಡು ಸಲ ಹಿಂದೆ ತಿರುಗಿ ನೋಡಿ, ಕೈಯಲ್ಲಿದ್ದ ಚೀಟಿ ಓದಿಕೊಂಡು, ಆಮೇಲೆ ಬಾಯಿ ಬಿಟ್ಟಳು.

“ಅಕ್ಕಾ, ನಮ್ಮನೆ ಕಂಪ್ಯೂಟರ್ ನಿದ್ದೆ ಮಾಡ್ತಾ ಇಲ್ಲ.”

“ಅದು ಮಾಡದಿದ್ರೆ ಹೋಗ್ಲಿ ಬಿಡಿ, ನೀವು ಮಾಡಿ,” ಅಂದಳು ಫ್ಯೂಸಕ್ಕ, ಶಟರಿನ ಕೆಳಗಿಂದ.

ಹೆಂಗಸು ನಗಲಿಲ್ಲ. “ಅದು ಮಲಗದೆ ನಾನು ಮಲಗೋಕಾಗಲ್ಲ. ಅದರ ಫ್ಯಾನು ಯಾವಾಗ್ಲೂ ಗುಂಯ್ ಅಂತಾನೇ ಇರುತ್ತೆ. ಯಜಮಾನರು ಆಫ್ ಮಾಡಬೇಡ ಅಂದಿದ್ದಾರೆ, ಅವರ ಆಫೀಸಿನ ಫೈಲು ಕಾಪಿ ಆಗ್ತಿರುತ್ತಂತೆ. ಹತ್ತು ನಿಮಿಷ ಮುಟ್ಟದಿದ್ರೆ ತಾನೇ ಮಲಗೋ ಹಾಗೆ ಇಡೋಣ ಅಂತ ಸೆಟ್ಟಿಂಗ್ಸ್‌ಗೆ ಹೋದೆ. ಅಲ್ಲಿ ಎಲ್ಲ ಬೂದಿ ಬಣ್ಣ. ಒತ್ತಿದ್ರೂ ಒತ್ತೋಕೇ ಆಗ್ತಿಲ್ಲ.”

“ಕಂಪನಿಯವರು ಕೊಟ್ಟ ಕಂಪ್ಯೂಟರಾ?”

“ಅಲ್ಲ, ಮನೇದೇ. ಮೊನ್ನೆ ಧೂಳು ಒರೆಸುವಾಗ ಹಿಂದುಗಡೆ ನಿಮ್ಮ ಅಂಗಡಿ ಸ್ಟಿಕ್ಕರ್ ಕಾಣಿಸ್ತು. ಅದಕ್ಕೇ ಬಂದೆ.”

ಇದರಲ್ಲಿ ಆಶ್ಚರ್ಯವೇನಿರಲಿಲ್ಲ. ತನ್ನ ಕೈ ದಾಟಿ ಹೋದ ಪ್ರತಿ ಪೆಟ್ಟಿಗೆಯ ಬೆನ್ನಿಗೂ ಫ್ಯೂಸಕ್ಕ ಬೆರಳುದ್ದದ ಸ್ಟಿಕ್ಕರ್ ಅಂಟಿಸಿ, ಕೆಲಸದ ನಂಬರ್ ಬರೆಯುತ್ತಿದ್ದಳು. ಅಂಥವು ನೂರಾರು. ಮಧ್ಯಾಹ್ನ ಬರುತ್ತೇನೆಂದು ವಿಳಾಸ ಬರೆದುಕೊಂಡಳು. ಹೆಂಗಸು ಹೊರಟವಳು ನಿಂತಳು.

“ನಾನಿಲ್ಲಿಗೆ ಬಂದಿದ್ದು ಯಾರಿಗೂ ಹೇಳಬೇಡಿ ಅಕ್ಕ. ನಾನೂ ಯಾರಿಗೂ ಹೇಳಬಾರದು ಅಂತ ಬರ್ಕೊಂಡಿದ್ದೀನಿ.” ಚೀಟಿ ಎತ್ತಿ ತೋರಿಸಿದಳು. ಅದರಲ್ಲಿ ದುಂಡು ಅಕ್ಷರದಲ್ಲಿ ಅಷ್ಟೇ ಇತ್ತು: ‘ಹೇಳಬಾರದು.’

ತನಗೆ ತಾನೇ ಇಂಥ ಚೀಟಿ ಬರೆದುಕೊಳ್ಳುವವರನ್ನು ಫ್ಯೂಸಕ್ಕ ಅದುವರೆಗೆ ಕಂಡಿರಲಿಲ್ಲ. ಆದರೆ ಕೇಳಲಿಲ್ಲ. ಅವಳ ಕಣ್ಣು ಯಂತ್ರದ ಮೇಲಷ್ಟೇ.

ಮನೆ ನಾಲ್ಕನೇ ಮಹಡಿಯಲ್ಲಿತ್ತು. ಬಾಗಿಲು ತೆರೆಯುವ ಮೊದಲೇ ಫ್ಯೂಸಕ್ಕನಿಗೆ ಒಳಗಿನ ಫ್ಯಾನಿನ ಸದ್ದು ಕೇಳಿತು. ಹಾಲಿನಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಚಪ್ಪಲಿ ಸಾಲಾಗಿ, ಪತ್ರಿಕೆಗಳು ಮಡಿಸಿ, ಕಪಾಟಿನ ಪುಸ್ತಕಗಳು ಎತ್ತರದ ಪ್ರಕಾರ. ಫ್ರಿಜ್ಜಿನ ಬಾಗಿಲ ತುಂಬ ಮಾತ್ರ ಚೀಟಿಗಳು: ‘ಗ್ಯಾಸ್ ಆರಿಸಿದೆ, 10.20.’ ‘ಅಕ್ಕನಿಗೆ ಫೋನ್ ಮಾಡಿಲ್ಲ.’ ‘ಬೀಗ ಹಾಕಿದೆ. ನೋಡಿದೆ. ಮತ್ತೆ ನೋಡಿದೆ.’

“ಲೈಬ್ರರಿಯಲ್ಲಿ ಕೆಲಸ ಮಾಡ್ತಿದ್ದೆ,” ಅಂದಳು ಮನೆಯಾಕೆ, ಅವಳ ನೋಟ ಹಿಂಬಾಲಿಸಿ. “ಯಾವ ಪುಸ್ತಕ ಯಾವ ಶೆಲ್ಫಿನಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತಿದ್ದೆ. ಈಗ ಮರೆವು. ಬಿಟ್ಟುಬಿಟ್ಟೆ.” ಓರೆಯಾಗಿದ್ದ ಚೀಟಿಯೊಂದನ್ನು ನೇರ ಮಾಡುತ್ತ ಸೇರಿಸಿದಳು, “ಸೋಮವಾರ ಆಸ್ಪತ್ರೆಗೆ ಸೇರಿಸ್ತಾರಂತೆ. ಸ್ವಲ್ಪ ದಿನದ ಮಟ್ಟಿಗೆ.”

ಕಂಪ್ಯೂಟರ್ ಇಟ್ಟ ಜಾಗ ಫ್ಯೂಸಕ್ಕನಿಗೆ ಸರಿ ಕಾಣಲಿಲ್ಲ. ಎಲ್ಲರೂ ಮೇಜನ್ನು ಗೋಡೆಗೆ ಒತ್ತಿ ಇಡುತ್ತಾರೆ. ಇಲ್ಲಿ ಮೂಲೆಯಲ್ಲಿ ಓರೆಯಾಗಿಟ್ಟಿದ್ದರು. ಕೂತವರಿಗೆ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಆದರೆ ಪರದೆಯ ಮುಖಕ್ಕೆ ಎದುರಾಗಿ ಹೊರಬಾಗಿಲು, ಅಡುಗೆಮನೆಯ ಬಾಗಿಲು, ಮಲಗುವ ಕೋಣೆಯ ಬಾಗಿಲು ಮೂರೂ ಇದ್ದವು. ಪರದೆಯ ನೆತ್ತಿಗೆ ಹುಣಸೆಬೀಜದಂಥ ಕಪ್ಪು ಕ್ಯಾಮೆರಾ.

“ಅದು ಕೆಟ್ಟಿದೆಯಂತೆ,” ಅಂದಳು ಲೈಬ್ರರಿಯಾಕೆ.

ಫ್ಯೂಸಕ್ಕ ಕೂತು ಕೆಲಸ ಶುರು ಮಾಡಿದಳು. ಪವರ್ ಸೆಟ್ಟಿಂಗ್ ತೆರೆದಳು. ಆಕೆ ಹೇಳಿದ್ದು ನಿಜ. ‘ಎಷ್ಟು ಹೊತ್ತಿನ ನಂತರ ನಿದ್ರೆ’ ಎಂಬಲ್ಲಿ ‘ಎಂದಿಗೂ ಇಲ್ಲ’ ಎಂದಿತ್ತು. ಬಾಣ ಒತ್ತಿದರೆ ಕಲ್ಲು ಒತ್ತಿದಂತೆ. ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಇವುಗಳಲ್ಲಿ ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ.’

“ಮನೆ ಕಂಪ್ಯೂಟರಿಗೆ ಯಾವ ಸಂಸ್ಥೆ?” ಅಂದಳು ಫ್ಯೂಸಕ್ಕ.

“ಮದುವೇನೂ ಒಂದು ಸಂಸ್ಥೆ ಅಂತಾರಲ್ಲ, ಅದಿರಬೇಕು,” ಅಂದಳು ಲೈಬ್ರರಿಯಾಕೆ. ಆ ದಿನ ಅವಳ ಬಾಯಿಂದ ಬಂದ ಮೊದಲ ತಮಾಷೆ ಅದು. ಇಬ್ಬರೂ ನಕ್ಕರು. ನಗು ಬೇಗ ನಿಂತಿತು.

ಇಂಥ ಬೀಗಕ್ಕೆ ಮೂರು ಕಾರಣ ಇರುತ್ತದೆಂದು ಫ್ಯೂಸಕ್ಕನಿಗೆ ಗೊತ್ತಿತ್ತು. ಕಚೇರಿಯ ಕಂಪ್ಯೂಟರ್ ಮನೆಗೆ ಬಂದಿರಬೇಕು, ಅದಲ್ಲ. ಯಾವುದೋ ಹಳೆಯ ಪ್ರೋಗ್ರಾಮ್ ಎಡವಟ್ಟು ಮಾಡಿರಬೇಕು. ಹುಡುಕಿದಳು, ಅದೂ ಅಲ್ಲ. ಇನ್ನು ಉಳಿದದ್ದು ಒಂದೇ. ಮುಖ್ಯ ಪಾಸ್‌ವರ್ಡ್ ಇರುವ ಯಾರೋ ಬೇಕೆಂದೇ ಬೀಗ ಹಾಕಿದ್ದಾರೆ. ಬೀಗ ಹಾಕಿದ ರೀತಿ ಬಹಳ ಚೊಕ್ಕವಾಗಿತ್ತು. ಎಲ್ಲೂ ಸಂದು ಬಿಟ್ಟಿರಲಿಲ್ಲ. ‘ಮಾಡಿದವರು ಕೆಲಸ ಬಲ್ಲವರು’ ಎಂದು ಮನಸ್ಸಿನಲ್ಲೇ ಮೆಚ್ಚಿದಳು. ಮೆಚ್ಚಿದ ಮರುಕ್ಷಣವೇ ಈ ಕೈಚಳಕ ಎಲ್ಲೋ ಕಂಡದ್ದೆನಿಸಿತು. ಎದ್ದು ಪೆಟ್ಟಿಗೆಯನ್ನು ತಿರುಗಿಸಿ ಸ್ಟಿಕ್ಕರ್ ನೋಡಿದಳು. ಮುನ್ನೂರ ಹನ್ನೆರಡು. ಅವಳದೇ ಅಕ್ಷರ.

ಮುನ್ನೂರ ಹನ್ನೆರಡು ಫ್ಯಾನು ಒರೆಸಿಕೊಟ್ಟ ಕೆಲಸವಲ್ಲ. ನೆನಪಾಯಿತು. ಏಳು ತಿಂಗಳ ಹಿಂದೆ, ಇಸ್ತ್ರಿ ಮಡಿಕೆ ಮುರಿಯದ ತಿಳಿನೀಲಿ ಅಂಗಿಯ ಮನುಷ್ಯನೊಬ್ಬ ಹೊಸ ಕಂಪ್ಯೂಟರನ್ನು ಎತ್ತಿಕೊಂಡು ಬಂದಿದ್ದ. ಅಂಗಡಿಗೆ ಬಂದವರೆಲ್ಲ ಚಾವಣಿಗೆ ತಲೆ ಹೊಡೆಸಿಕೊಳ್ಳುತ್ತಾರೆ. ಅವನೊಬ್ಬ ಮೊದಲ ಸಲಕ್ಕೇ ಬಗ್ಗಿ ಬಂದಿದ್ದ. ‘ಮನೇಲಿ ವಯಸ್ಸಾದ ಅಮ್ಮ ಒಬ್ಬರೇ ಇರ್ತಾರೆ ಮೇಡಂ. ಎರಡು ಸಲ ಬಿದ್ದಿದ್ದಾರೆ. ನಾನು ಆಫೀಸಿಂದ ಫೋನಲ್ಲೇ ನೋಡೋ ಹಾಗೆ, ಅವರ ದನಿ ಕೇಳೋ ಹಾಗೆ, ಎಲ್ಲ ರೆಕಾರ್ಡ್ ಆಗೋ ಹಾಗೆ ಮಾಡಿಕೊಡಿ. ಕಂಪ್ಯೂಟರ್ ಯಾವತ್ತೂ ಮಲಗಬಾರದು. ಅಮ್ಮ ಗೊತ್ತಿಲ್ಲದೆ ಒತ್ತಿ ಬದಲಾಯಿಸಿಬಿಟ್ಟಾರು, ಅದಕ್ಕೆ ಬೀಗ ಹಾಕಿ.’ ಎಂಥ ಮಗ ಎಂದು ಅವಳ ಕಣ್ಣಂಚು ಒದ್ದೆಯಾಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಹಾಗೆ, ಹೇಳಿದ್ದನ್ನು ಹೇಳಿದಂತೆ ಮಾಡಿಕೊಟ್ಟಿದ್ದಳು.

“ನಿಮ್ಮ ಅತ್ತೆಯವರು ಎಲ್ಲಿ? ಒಳಗೆ ಮಲಗಿದ್ದಾರಾ?” ಕೇಳಿದಳು.

ಲೈಬ್ರರಿಯಾಕೆ ವಿಚಿತ್ರವಾಗಿ ನೋಡಿದಳು. “ಅತ್ತೆ ಹೋಗಿ ಒಂಬತ್ತು ವರ್ಷ ಆಯ್ತು. ನನ್ನ ಮದುವೆಗೂ ಮೊದಲೇ.”

ಆಗಲೇ ಫೋನು ಬಂತು. ಮನೆಯಾಕೆಯ ಫೋನು. ಅವಳು ಎತ್ತಿ, ಸ್ವಲ್ಪ ದೂರ ಸರಿದು ಮಾತಾಡಿದಳು. ಆದರೂ ಆ ಪುಟ್ಟ ಹಾಲಿನಲ್ಲಿ ಆ ಕಡೆಯ ದನಿಯೂ ಕೇಳುತ್ತಿತ್ತು. ಮೆತ್ತಗಿನ, ಅವಸರವಿಲ್ಲದ ದನಿ.

“ಊಟ ಆಯ್ತಾ?”

“ಆಯ್ತು.”

“ಬಂದವರಿಗೆ ಟೀ ಕೊಟ್ಟೆಯಾ?”

“ಯಾರು... ಯಾರು ಬಂದಿದ್ದಾರೆ?”

“ರಿಪೇರಿಯವರು ಕಣೇ. ಬೆಳಗ್ಗೆ ತಿಂಡಿ ತಿನ್ನುವಾಗ ನೀನೇ ಹೇಳಿದೆಯಲ್ಲ, ಇವತ್ತು ರಿಪೇರಿಯವರನ್ನ ಕರೀತೀನಿ ಅಂತ. ಮರ್ತುಬಿಟ್ಟೆಯಾ? ಹೋಗ್ಲಿ ಬಿಡು, ಪಾಪ. ಸೋಮವಾರ ಬರಲಿ, ಎಲ್ಲ ಸರಿಹೋಗುತ್ತೆ.”

ಫೋನಿಟ್ಟು ಲೈಬ್ರರಿಯಾಕೆ ಹಾಗೇ ಕುರ್ಚಿಗೆ ಕುಸಿದಳು. ಸೊಂಟದ ಚೀಲದಿಂದ ಚೀಟಿ ತೆಗೆದು ಬಿಡಿಸಿದಳು, ಮಡಿಸಿದಳು, ಮತ್ತೆ ಬಿಡಿಸಿದಳು. “ಹೇಳಿಬಿಟ್ಟಿದ್ದೀನಂತೆ ಅಕ್ಕ. ಬರ್ಕೊಂಡಿದ್ದೆ, ಆದ್ರೂ ಹೇಳಿಬಿಟ್ಟಿದ್ದೀನಿ. ಹೇಳಿದ್ದು ನೆನಪೂ ಇಲ್ಲ. ಹೀಗೇ ಆಗುತ್ತೆ. ನಮ್ಮಕ್ಕನ ಹತ್ರ ಫೋನಲ್ಲಿ ಏನು ಮಾತಾಡಿದೆ, ಯಾವಾಗ ಕೂತು ಅಳ್ತಿದ್ದೆ, ಎಲ್ಲ ಅವರಿಗೆ ನಾನೇ ಹೇಳಿರ್ತೀನಿ, ನಾನೇ ಮರ್ತಿರ್ತೀನಿ.”

ಫ್ಯೂಸಕ್ಕನಿಗೆ ಈಗ ತಿಳಿಯಿತು. ಗೋಡೆಗೂ ಕಿವಿ ಇರುತ್ತೆ ಅಂತ ಹಿರಿಯರು ಹೇಳುತ್ತಿದ್ದರು. ಈ ಮನೆಯ ಗೋಡೆಗೆ ಕಿವಿ ಕೂರಿಸಿದವಳು ತಾನೇ. ಏನೋ ಹೇಳಲು ಬಾಯಿ ತೆರೆದವಳು, ಆ ಹುಣಸೆಬೀಜದ ಕಡೆ ನೋಡಿ ಮುಚ್ಚಿದಳು. ಆಮೇಲೆ ಬೇಕೆಂದೇ ದನಿ ಎತ್ತರಿಸಿದಳು.

“ಕರೆಂಟೇ ಏರುಪೇರು ಇರೋ ಹಾಗಿದೆ. ನಿಮ್ಮ ಮೀಟರ್ ಬೋರ್ಡ್ ಎಲ್ಲಿದೆ? ಕೆಳಗಾ? ಬನ್ನಿ, ತೋರಿಸಿ.”

ನಾಲ್ಕು ಮಹಡಿ ಇಳಿಯುವವರೆಗೆ ತುಟಿ ಬಿಚ್ಚಲಿಲ್ಲ. ಮೀಟರುಗಳು ಸಾಲಾಗಿ ತಿರುಗುತ್ತಿದ್ದ ಆ ಇಕ್ಕಟ್ಟಿನ ಜಾಗದಲ್ಲಿ, ಬಾಡಿಗೆದಾರರ ಸೈಕಲ್ಲುಗಳ ನಡುವೆ ನಿಂತು, ಅವಳು ಎಲ್ಲ ಹೇಳಿದಳು. ಕ್ಯಾಮೆರಾ ಕೆಟ್ಟಿಲ್ಲ. ಕಂಪ್ಯೂಟರ್ ಯಾಕೆ ಮಲಗುತ್ತಿಲ್ಲ ಅಂದರೆ ಅದು ಸದಾ ಕೇಳಿಸಿಕೊಳ್ಳುತ್ತಿದೆ. ಮಲಗಿದರೆ ಕಿವಿ ಮುಚ್ಚುತ್ತದೆ, ಅದಕ್ಕೆ ಬೀಗ. “ನೀವು ಬೆಳಗ್ಗೆ ಏನೂ ಹೇಳಿಲ್ಲ ತಾಯಿ. ನಾನು ಬಂದ ಮೇಲೆ ಆತ ನೋಡಿದ್ದಾನೆ, ಅಷ್ಟೇ.” ಕೊನೆಗೆ, ನುಂಗಲಾರದ್ದನ್ನು ಉಗುಳುವಂತೆ, ಹೇಳಿದಳು. “ಅದನ್ನೆಲ್ಲ ಮಾಡಿಕೊಟ್ಟಿದ್ದು ನಾನು. ಅಮ್ಮನಿಗೆ ಅಂದಿದ್ದ. ನಾನು ಕೇಳಲಿಲ್ಲ.”

ಲೈಬ್ರರಿಯಾಕೆ ಮೀಟರಿನ ತಿರುಗುವ ತಟ್ಟೆಯ ಕಡೆ ಮುಖ ತಿರುಗಿಸಿದಳು. ಕೆನ್ನೆಗೆ ಹೊಡೆದಾಳು ಎಂದು ಫ್ಯೂಸಕ್ಕ ಕಾದಳು, ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಅವಳು ಕೇಳಿದ್ದು ಬೇರೆ.

“ಯಾವ ತಾರೀಕು ಮಾಡಿಕೊಟ್ಟಿರಿ?”

ಅಂಗಡಿಯ ರಿಜಿಸ್ಟರಿನ ಪುಟಗಳನ್ನು ಫ್ಯೂಸಕ್ಕ ಫೋನಿನಲ್ಲಿ ಚಿತ್ರ ತೆಗೆದು ಇಟ್ಟುಕೊಂಡಿದ್ದಳು. ಹುಡುಕಿ ಹೇಳಿದಳು. ಲೈಬ್ರರಿಯಾಕೆ ಸೊಂಟದ ಚೀಲದಿಂದ ಅಂಗೈಯಗಲದ ಒಂದು ಪುಸ್ತಕ ತೆಗೆದಳು. ಮರೆತ ದಿನಗಳನ್ನೆಲ್ಲ ಬರೆದಿಟ್ಟುಕೊಂಡ ಪುಸ್ತಕ. ಮೊದಲ ಪುಟ ತೆರೆದಳು. ಮೊದಲ ಮರೆವು ಆ ತಾರೀಕಿಗೆ ಸರಿಯಾಗಿ ನಾಲ್ಕು ದಿನದ ಮೇಲೆ.

“ಹಾಗಾದ್ರೆ ನನಗೆ ಹುಚ್ಚಿಲ್ಲ,” ಅಂದಳು. ಆ ಮಾತು ಸರಿಯಾಗಿ ಕೂತಿದೆಯೇ ಎಂದು ನೋಡುವಂತೆ ಇನ್ನೊಮ್ಮೆ ಅಂದಳು. ಆಮೇಲೆ ಬಾಯಿಗೆ ಸೆರಗು ಒತ್ತಿ ನಗತೊಡಗಿದಳು. ಆ ನಗು ಎಲ್ಲಿಂದ ಅಳುವಾಯಿತೋ ಫ್ಯೂಸಕ್ಕನಿಗೆ ತಿಳಿಯಲಿಲ್ಲ.

“ಈಗಲೇ ಹೊರಟುಬಿಡಿ,” ಅಂದಳು ಫ್ಯೂಸಕ್ಕ. “ಮೇಲೆ ಹೋಗೋದೇ ಬೇಡ.”

“ಬರೀಗೈಲಿ ಹೋದ್ರೆ ಯಾರು ನಂಬ್ತಾರೆ? ಮರೆವಿನವಳು ಮನೆ ಬಿಟ್ಟು ಓಡಿಹೋದಳು ಅಂತಾರೆ. ಸಂಜೆಯೊಳಗೆ ಹಿಡ್ಕೊಂಡು ಬರ್ತಾರೆ.” ಕಣ್ಣೊರೆಸಿಕೊಂಡಳು. ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸುವವಳ ದನಿ ಅವಳ ಗಂಟಲಿಗೆ ವಾಪಸು ಬಂದಿತ್ತು. “ಎಲ್ಲ ರೆಕಾರ್ಡ್ ಆಗುತ್ತೆ ಅಂದ್ರಲ್ಲ. ಇವತ್ತು ಬೆಳಗ್ಗೆ ತಿಂಡಿ ಹೊತ್ತಿಂದೂ ಆಗಿರುತ್ತಾ?”

ಫ್ಯೂಸಕ್ಕನಿಗೆ ಅದು ಹೊಳೆದಿರಲಿಲ್ಲ. ಆತ ಹೆಂಡತಿಯ ಮೇಲೆ ಇಟ್ಟ ಕಿವಿಯೇ ಹೆಂಡತಿಯ ಪರ ಸಾಕ್ಷಿ ಹೇಳುತ್ತದೆ.

ಮೇಲೆ ಹೋದರು. ಲೈಬ್ರರಿಯಾಕೆ ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟಳು, ಪಾತ್ರೆಯ ಸದ್ದು ಮಾಡಿದಳು. ಫ್ಯೂಸಕ್ಕ ಕುರ್ಚಿಯಲ್ಲಿ ಕೂತು, ಬೆನ್ನು ಬಾಗಿಸಿ, ಮುಖ್ಯ ಪಾಸ್‌ವರ್ಡ್ ಕೇಳಿದ ಕಡೆ ತಾನು ಎಲ್ಲ ಗಿರಾಕಿಗಳಿಗೂ ಹಾಕಿಕೊಡುವ ಪಾಸ್‌ವರ್ಡನ್ನೇ ಒತ್ತಿದಳು. ‘ಮನೆಗೆ ಹೋದ ಕೂಡಲೇ ಬದಲಾಯಿಸಿ’ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಆತ ಬದಲಾಯಿಸಿರಲಿಲ್ಲ. ತೆರೆಯಿತು.

ರೆಕಾರ್ಡುಗಳು ತಿಂಗಳ ಪ್ರಕಾರ, ದಿನದ ಪ್ರಕಾರ, ಗಂಟೆಯ ಪ್ರಕಾರ ಜೋಡಿಸಿ ಇಟ್ಟಿದ್ದವು. ಕೆಲವಕ್ಕೆ ಆತ ಹೆಸರನ್ನೂ ಕೊಟ್ಟಿದ್ದ: ‘ಅಕ್ಕನೊಂದಿಗೆ ಮಾತು.’ ‘ಒಬ್ಬಳೇ ಅಳು.’ ‘ಹಾಡು.’ ಫ್ಯೂಸಕ್ಕ ಒಂದನ್ನೂ ತೆರೆಯಲಿಲ್ಲ. ಪೆನ್ ಡ್ರೈವ್ ಸಿಕ್ಕಿಸಿ, ಈ ತಿಂಗಳದ್ದನ್ನೂ ಹೆಸರಿಟ್ಟವುಗಳನ್ನೂ ಕಾಪಿಗೆ ಹಾಕಿದಳು. ಹಸಿರು ಗೆರೆ ಪರದೆಯ ಮೇಲೆ ಇರುವೆಯಂತೆ ಹೊರಟಿತು. ಜೋರಾಗಿ ಹೇಳಿದಳು, “ಇದು ಬಗೆಹರಿಯೋದಲ್ಲಮ್ಮ. ಹಳೇ ಪ್ರೋಗ್ರಾಮ್ ತೊಂದರೆ. ಹೀಗೇ ಬಿಡಿ.”

ಗೆರೆ ಅರ್ಧ ದಾಟುವಷ್ಟರಲ್ಲಿ ಮತ್ತೆ ಫೋನು. ಈ ಸಲ ಅದು ಫ್ಯೂಸಕ್ಕನದೇ.

“ನಮಸ್ಕಾರ ಮೇಡಂ. ಚೆನ್ನಾಗಿದ್ದೀರಾ?” ಅದೇ ಮೆತ್ತಗಿನ ದನಿ. “ನೆನಪಿದೆಯಾ? ಅಮ್ಮನ ಕಂಪ್ಯೂಟರ್.”

“ನೆನಪಿದೆ.”

“ನಮ್ಮ ಮನೆಯವರಿಗೆ ಹುಷಾರಿಲ್ಲ. ಏನೇನೋ ಹೇಳ್ತಾರೆ, ನೀವು ತಲೆಗೆ ಹಚ್ಕೋಬೇಡಿ. ಅತ್ತೆ ಎಲ್ಲಿ ಅಂತೆಲ್ಲ ಕೇಳಿದ್ರಿ, ಅವರಿಗೆ ಬೇಜಾರಾಗುತ್ತೆ.” ದನಿ ಏರಿಸದೆಯೇ ಮುಂದುವರಿಸಿದ. “ಆ ಎಡಗಡೆ ಸಿಕ್ಕಿಸಿದ್ದೀರಲ್ಲ, ಅದನ್ನ ತೆಗೆದುಬಿಡಿ. ನಾನು ಹೊರಟಿದ್ದೀನಿ, ಅರ್ಧ ಗಂಟೆಗೆ ಅಲ್ಲಿರ್ತೀನಿ. ಅಲ್ಲಿವರೆಗೆ ಅವರನ್ನ ಒಬ್ಬರೇ ಬಿಡಬೇಡಿ, ಪ್ಲೀಸ್. ನಿಮ್ಮನ್ನ ನಂಬಿದ್ದೀನಿ.”

 ಅವಳು ‘ಆಯ್ತು’ ಅಂದಳು. ಪೆನ್ ಡ್ರೈವ್ ಮಾತ್ರ ಮುಟ್ಟಲಿಲ್ಲ. ಗೆರೆ ಇನ್ನೂ ಮುಕ್ಕಾಲಿಗೆ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಟೀ ಕುದಿಯುವ ಸದ್ದು, ಇಲ್ಲಿ ಫ್ಯಾನಿನ ಗುಂಯ್. ನೂರಾರು ಯಂತ್ರಗಳ ಮುಂದೆ ಕಾದು ಕೂತವಳು ಅವಳು, ಆದರೆ ಯಾವ ಯಂತ್ರವೂ ಹೀಗೆ ತಿರುಗಿ ಅವಳನ್ನು ದಿಟ್ಟಿಸಿರಲಿಲ್ಲ. ತಲೆ ಎತ್ತಲು ಧೈರ್ಯವಾಗಲಿಲ್ಲ. ಎತ್ತಿದರೆ ಆ ಕಪ್ಪು ಬೀಜದೊಳಗೆ ತಿಳಿನೀಲಿ ಅಂಗಿ ಕಂಡೀತು ಅನ್ನಿಸಿತು.

ಗೆರೆ ತುಂಬಿತು. ಪೆನ್ ಡ್ರೈವ್ ಕಿತ್ತುಕೊಂಡು ಎದ್ದಳು. ಲೈಬ್ರರಿಯಾಕೆ ಒಲೆ ಆರಿಸಿ ಬಂದಳು, ಸೊಂಟಕ್ಕೆ ಅದೇ ಚೀಲ, ಕಾಲಿಗೆ ಆಗಲೇ ಚಪ್ಪಲಿ. ಹೊಸ್ತಿಲ ಹತ್ತಿರ ಹೋದವಳು ವಾಪಸು ಬಂದು, ಕ್ಯಾಮೆರಾದ ಎದುರು ನಿಂತು, ನಿಧಾನವಾಗಿ ಸ್ಪಷ್ಟವಾಗಿ ಹೇಳಿದಳು:

“ಗ್ಯಾಸ್ ಆರಿಸಿದ್ದೀನಿ. ನಾನು ಹೋಗ್ತಿದ್ದೀನಿ. ಇದು ನಾನೇ ಹೇಳಿದ್ದು. ನೆನಪಿಟ್ಟುಕೊಳ್ಳಿ.”

ಬಸ್ಸಿಗೆ ಕಾಯಲಿಲ್ಲ. ಸಿಕ್ಕ ಬಾಡಿಗೆ ಕಾರು ಹತ್ತಿ ನೇರ ಹೋದದ್ದು ಅವಳನ್ನು ಸೋಮವಾರ ಸೇರಿಸಿಕೊಳ್ಳಬೇಕಿದ್ದ ಆಸ್ಪತ್ರೆಗೇ. ಪೊಲೀಸರ ಹತ್ತಿರ ಹೋಗೋಣವೆಂದು ಫ್ಯೂಸಕ್ಕ ಅಂದಿದ್ದಳು. “ಮೊದಲು ಡಾಕ್ಟರು,” ಅಂದಿದ್ದಳು ಲೈಬ್ರರಿಯಾಕೆ. “ನನಗೆ ಮರೆವಿದೆ ಅಂತ ಬರೆದಿರೋ ಕಾಗದ ಅವರ ಹತ್ರ ಇದೆ. ಅದಿರೋವರೆಗೆ ಬೇರೆ ಯಾರಿಗೂ ನನ್ನ ಮಾತು ಕೇಳಿಸಲ್ಲ.”

ವೈದ್ಯೆ ವಯಸ್ಸಾದವರು. ಹೊರಗೆ ಬೆಂಚು ತುಂಬ ಜನರಿದ್ದರು, ವೈದ್ಯೆಯ ಮುಖದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಲಾರೆ ಎಂದು ಬರೆದಿತ್ತು. ಗಂಡ ಮೂರು ಸಲ ಬಂದು ಹೆಂಡತಿಯ ಮರೆವಿನ ಪಟ್ಟಿ ಕೊಟ್ಟು ಹೋಗಿದ್ದ, ತಾರೀಕಿನ ಸಮೇತ. ಆ ಪಟ್ಟಿ ಅವರ ಮುಂದಿತ್ತು. ಲೈಬ್ರರಿಯಾಕೆ ಅದರ ಪಕ್ಕದಲ್ಲಿ ತನ್ನ ಪುಸ್ತಕ ಇಟ್ಟಳು. ಫ್ಯೂಸಕ್ಕ ಪೆನ್ ಡ್ರೈವ್ ಕೊಟ್ಟು, ಅದೇ ದಿನದ ಬೆಳಗಿನ ರೆಕಾರ್ಡು ಹಾಕಿಸಿದಳು.

ಇಪ್ಪತ್ತೆರಡು ನಿಮಿಷ. ಚಮಚದ ಸದ್ದು. ನಲ್ಲಿ. ಯಾರೋ ಪತ್ರಿಕೆ ಮಡಿಸಿದರು. ‘ಇನ್ನೊಂದು ಹಾಕಲಾ?’ ‘ಸಾಕು.’ ಮತ್ತೆ ಚಮಚ. ‘ಬರ್ತೀನಿ.’ ‘ಹೂಂ.’ ಬಾಗಿಲು. ಅಷ್ಟೇ. ರಿಪೇರಿಯ ಸುದ್ದಿಯೇ ಇಲ್ಲ. ವೈದ್ಯೆ ಇನ್ನೂ ಮೂರು ದಿನದ್ದು ಹಾಕಿಸಿದರು. ಪಟ್ಟಿಯಲ್ಲಿ ‘ತಾನೇ ಹೇಳಿ ಮರೆತಳು’ ಎಂದು ಗಂಡ ಬರೆದ ದಿನಗಳವು. ಮೂರರಲ್ಲೂ ಅವಳು ಹೇಳಿರಲಿಲ್ಲ. ವೈದ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ತಾವೇ ಪೊಲೀಸರಿಗೆ ಫೋನು ಮಾಡಿದರು.

ಮುಂದಿನದು ಕಥೆಗಳಲ್ಲಿ ಆಗುವಂತೆ ಚುರುಕಾಗಿ ಆಗಲಿಲ್ಲ. ಲೈಬ್ರರಿಯಾಕೆಯ ಅಕ್ಕ ಬಂದು ತಂಗಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಗಂಡ ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಹೆಂಡತಿಯ ಮೇಲಿನ ಕಾಳಜಿಯಿಂದ ಮಾಡಿದೆ ಅಂದ. ಬೇಲಿಯೇ ಎದ್ದು ಹೊಲ ಮೇಯ್ದರೂ, ಹೊಲ ಕಾಯುತ್ತಿದ್ದೆ ಅನ್ನುವುದಕ್ಕೆ ಬೇಲಿಗೆ ಯಾವಾಗಲೂ ಅವಕಾಶ ಇರುತ್ತದಲ್ಲ. ಯಾಕೆ ಹಾಗೆ ಮಾಡಿದ ಎಂಬುದಕ್ಕೆ ಆತನ ಬಾಯಿಂದ ಬೇರೆ ಉತ್ತರ ಯಾರಿಗೂ ಸಿಗಲಿಲ್ಲ. ಕೇಸು ಈಗಲೂ ನಡೆಯುತ್ತಿದೆ. ಲೈಬ್ರರಿಯಾಕೆಗೆ ಅವಳ ಹಳೆಯ ಕೆಲಸ ಸಿಕ್ಕಿತು. ಮೊದಲ ದಿನವೇ ಎರಡು ತಿಂಗಳಿಂದ ತಪ್ಪು ಶೆಲ್ಫಿನಲ್ಲಿದ್ದ ಹದಿನೇಳು ಪುಸ್ತಕ ಹುಡುಕಿ ತೆಗೆದಳಂತೆ. ಒಂದೇ ತೊಂದರೆ. ಫ್ಯಾನಿರುವ ಕೋಣೆಯಲ್ಲಿ ಅವಳಿಗೆ ಈಗಲೂ ನಿದ್ದೆ ಬರುವುದಿಲ್ಲ.

ಫ್ಯೂಸಕ್ಕನನ್ನು ಠಾಣೆಗೆ ಮೂರು ಸಲ ಕರೆಸಿದರು. ‘ಬೀಗ ಹಾಕಿದ್ದು ಯಾರು?’ ಅಂದಾಗಲೆಲ್ಲ ‘ನಾನು’ ಅಂದಳು. ಸುದ್ದಿ ಹರಡಿತು. ಕೆಲವು ಹಳೆಯ ಗಿರಾಕಿಗಳು ಬರುವುದು ನಿಲ್ಲಿಸಿದರು. ಇನ್ನು ಕೆಲವರು, ಎಲ್ಲರೂ ಗಂಡಸರು, ಹೊಸದಾಗಿ ಬಂದು ಗುಟ್ಟಾಗಿ ಕೇಳಿದರು, ‘ಅಂಥದ್ದು ನಮಗೂ ಒಂದು ಮಾಡಿಕೊಡ್ತೀರಾ?’ ಅವರನ್ನು ಅವಳು ಶಟರಿನ ಆಚೆಗೇ ಕಳಿಸಿದಳು.

“ಊರ ಉಸಾಬರಿ ನಮಗ್ಯಾಕೆ? ಅಪ್ಪ ಏನು ಹೇಳಿದ್ದ?” ಎಂದು ಅಣ್ಣ ಬೈದ.

“ಅಪ್ಪ ರಿಪೇರಿ ಮಾಡಿದ್ದು ಮಾತಾಡೋ ಯಂತ್ರ ಅಣ್ಣಾ,” ಅಂದಳು. “ಕೇಳಿಸಿಕೊಳ್ಳೋ ಯಂತ್ರ ಅವನು ನೋಡಿರಲಿಲ್ಲ.”

ತಿಂಗಳೆರಡು ಕಳೆದ ಮೇಲೆ ಒಂದು ಮಧ್ಯಾಹ್ನ ತಿಳಿನೀಲಿ ಅಂಗಿ ಅಂಗಡಿಯ ಎದುರು ನಿಂತಿತ್ತು. ಒಳಗೆ ಬರಲಿಲ್ಲ. ಆತ ಮೆಟ್ಟಿಲ ಅಂಚಿಗೆ ಕೈಯಿಟ್ಟು, ಶಟರಿನ ಬೀಗವನ್ನು ಬೆರಳಿಂದ ಒಮ್ಮೆ ಎತ್ತಿ ಬಿಟ್ಟ.

“ಹಳೇದಾಗಿದೆ ಮೇಡಂ. ಬದಲಾಯಿಸಿ. ಕಾಲ ಸರಿಯಿಲ್ಲ,” ಅಂದ. ಮುಗುಳ್ನಕ್ಕು ಹೋದ.

ಅವಳು ಬೀಗ ಬದಲಾಯಿಸಿದಳು. ಆ ರಾತ್ರಿಯಲ್ಲ, ಆ ಕ್ಷಣವೇ. ಮತ್ತೆ ಒಳಗೆ ಬಂದು ಕೂತಳು. ಅವನಂಥವರು ಇನ್ನೆಷ್ಟು ಮಂದಿ ಬಂದು ಹೋಗಿರಬಹುದು ಅನ್ನಿಸಿತು. ರಿಜಿಸ್ಟರನ್ನು ಎಳೆದುಕೊಂಡು ಒಂದನೇ ನಂಬರಿನಿಂದ ಓದುತ್ತ ಹೋದಳು. ‘ಮಲಗಬಾರದು, ಬೀಗ ಹಾಕಿ’ ಎಂದು ಕೇಳಿಕೊಂಡು ಹೋದವರು ಆತನಲ್ಲದೆ ಇನ್ನೂ ಹನ್ನೊಂದು ಮಂದಿ ಇದ್ದರು.

ವಾರಕ್ಕೊಂದರಂತೆ ಹೊರಟಳು. ಹೋಗಿ ಬಾಗಿಲು ತಟ್ಟಿ, ಫ್ಯಾನು ಒರೆಸಲು ಬಂದೆ ಅನ್ನುವಳು. ಮನೆಯ ಹೆಂಗಸರನ್ನು, ಮುದುಕರನ್ನು ಮೀಟರ್ ಬೋರ್ಡಿನ ಹತ್ತಿರ ಕರೆದು ಕೇಳುವಳು. ಆರು ಮನೆಗಳಲ್ಲಿ ನಿಜವಾಗಿಯೂ ಹಾಸಿಗೆ ಹಿಡಿದವರಿದ್ದರು. ಅವರಿಗೆ ಕ್ಯಾಮೆರಾ ಇರುವುದು ಗೊತ್ತಿತ್ತು, ಒಬ್ಬ ಅಜ್ಜ ಅದಕ್ಕೆ ದಿನಾ ಕೈಬೀಸುತ್ತಿದ್ದ. ಎರಡು ಅಂಗಡಿಗಳು. ಒಂದು ಮನೆಯಲ್ಲಿ ಸೊಸೆಗೆ ಗೊತ್ತಿರಲಿಲ್ಲ. ಅವಳ ಎದುರೇ ಬೀಗ ಬಿಚ್ಚಿ ಬಂದಳು, ಅತ್ತೆಯ ಕೈಲಿ ಬೈಸಿಕೊಂಡು.

ಉಳಿದವು ಎರಡು. ಒಂದು ವಿಳಾಸಕ್ಕೆ ಹೋದರೆ ಅಲ್ಲಿ ಪಾಳುಬಿದ್ದ ಗೋದಾಮು. ಇನ್ನೊಂದರಲ್ಲಿ ರಸ್ತೆಯೇನೋ ಇತ್ತು, ಆದರೆ ಮನೆಗಳು ಮೂವತ್ತಾರಕ್ಕೇ ಮುಗಿದಿದ್ದವು. ರಿಜಿಸ್ಟರಿನಲ್ಲಿ ನಲವತ್ತೊಂದು ಎಂದಿತ್ತು. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ಕೇಳಿದಳು.

“ನಲವತ್ತೊಂದಾ? ಅಂಥ ಮನೇನೇ ಇಲ್ವಲ್ಲಮ್ಮ ಇಲ್ಲಿ. ಯಾರು ಹೇಳಿದ್ರು?”

ಯಾರು ಹೇಳಿದರೆಂದು ಫ್ಯೂಸಕ್ಕನಿಗೆ ನೆನಪಿರಲಿಲ್ಲ. ಮುಖ ನೆನಪಿಸಿಕೊಳ್ಳಲು ಎಷ್ಟು ಹೆಣಗಿದರೂ, ಬಹಳ ಸಭ್ಯಸ್ಥರು, ತಾಯಿಯ ವಿಷಯ ಹೇಳುವ ಮುಂಚೆ ಎರಡು ಸಲ ‘ಕ್ಷಮಿಸಿ’ ಅಂದಿದ್ದರು ಎಂಬುದಷ್ಟೇ ನೆನಪಿಗೆ ಬಂತು.